ಆಟದ ಚಿಕಿತ್ಸೆ ಅಂದರು, ಆದರೆ ಯಾವುದು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪಾಲಕರಿಗೆ

ಮಗಳ ಕ್ಲಾಸ್ ಟೀಚರ್ ಡೈರಿಯಲ್ಲಿ ಎರಡೇ ಪದ ಬರೆದು ಕಳಿಸಿದ್ದರು: ‘ಪ್ಲೇ ಥೆರಪಿ’. ಪಕ್ಕದಲ್ಲೊಂದು ಪ್ರಶ್ನೆ ಚಿಹ್ನೆ. ಆಗ ಅವಳಿಗೆ ಆರು ವರ್ಷ. ಗದಗ ಹತ್ತಿರದ ನಮ್ಮೂರಲ್ಲಿ ಅವಳ ಅಜ್ಜ ತೀರಿಕೊಂಡು ಐದು ತಿಂಗಳಾಗಿತ್ತು. ನಾವು ಹುಬ್ಬಳ್ಳಿಗೆ ಮನೆ ಬದಲಿಸಿ ಎರಡು ತಿಂಗಳು. ಮೂರು ವರ್ಷದಿಂದ ಹಾಸಿಗೆ ಒದ್ದೆ ಮಾಡದ ಮಗು ಮತ್ತೆ ಶುರು ಮಾಡಿತ್ತು. ಶಾಲೆಯ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಸಂಜೆ ನಾನು ಒಣಗಿದ ಬಟ್ಟೆ ತರಲು ಟೆರೇಸಿಗೆ ಹೋದರೂ ಸೆರಗು ಹಿಡಿದು ಹಿಂದೆಯೇ ಬರುತ್ತಿದ್ದಳು.

ಆ ಡೈರಿ ಹಿಡಿದುಕೊಂಡು ಒಂದೂವರೆ ತಿಂಗಳು ಓಡಾಡಿದೆ. ಒಬ್ಬರು ಬಣ್ಣದ ಪೆನ್ಸಿಲ್ ಕೊಟ್ಟು ಚಿತ್ರ ತುಂಬಿಸುವುದನ್ನು ಪ್ಲೇ ಥೆರಪಿ ಅಂದರು. ಇನ್ನೊಬ್ಬರು ಜೋಕಾಲಿ, ದೊಡ್ಡ ರಬ್ಬರ್ ಚೆಂಡು ಇರುವ ಹಾಲ್ ತೋರಿಸಿದರು. ಪರಿಚಯದವರೊಬ್ಬರು ‘ನಾಟಕದ ಕ್ಲಾಸಿಗೆ ಹಾಕ್ರಿ, ತಾನ ಸರಿ ಆಗ್ತಾಳ’ ಅಂದರು. ಇವೆಲ್ಲ ಮಕ್ಕಳಿಗೆ ಒಳ್ಳೆಯದೇ. ಆದರೆ ಇವೆಲ್ಲ ಒಂದೇ ಅಲ್ಲ. ಯಾವ ಮಗುವಿಗೆ ಯಾವುದು ಅಂತ ಪಕ್ಕಪಕ್ಕ ಇಟ್ಟು ಯಾರಾದರೂ ಹೇಳಿದ್ದರೆ ನನ್ನ ಅರ್ಧ ಓಡಾಟ ಉಳಿಯುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ತಾಯಿ. ಆಮೇಲೆ ಓದಿ, ಕೇಳಿ, ಕೂತು ಕಲಿತದ್ದು ಇದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಮಣ್ಣೋ, ಬಣ್ಣವೋ, ಗೊಂಬೆಯೋ ಅನ್ನುವುದು ಆಮೇಲಿನ ಪ್ರಶ್ನೆ. ಮಗುವಿನ ಜೊತೆ ನಿಮಗೂ ಕಲಿಸುವ, ನಿಮ್ಮನ್ನೂ ಆಟಕ್ಕೆ ಕರೆಯುವ ಜಾಗವನ್ನು ಮೊದಲು ಹುಡುಕಿ.

ಮೊದಲು ಮೈ ನೋಡಿಸಿ

ಹಾಸಿಗೆ ಒದ್ದೆ ಆಗುತ್ತಿದ್ದರೆ ಅದು ಮನಸ್ಸಿನದೇ ಅಂತ ನಾವೇ ತೀರ್ಮಾನಿಸಬಾರದು. ಮೂತ್ರದ ಸೋಂಕು, ಮಲಬದ್ಧತೆ, ಮಕ್ಕಳ ಸಕ್ಕರೆ ಕಾಯಿಲೆ ಇದ್ದರೂ ಹಾಗಾಗುತ್ತದೆ. ಕರೆದರೆ ತಿರುಗಿ ನೋಡದ ಮಗುವಿಗೆ ಮೊದಲು ಕಿವಿ ಪರೀಕ್ಷೆ ಆಗಬೇಕು. ಮಕ್ಕಳ ಡಾಕ್ಟರ್ ನೋಡಿ ‘ದೇಹದಲ್ಲಿ ತೊಂದರೆ ಇಲ್ಲ’ ಅಂದ ಮೇಲೆ ಮುಂದಿನ ದಾರಿ. ಇದನ್ನು ಕೇಳದೇ ನೇರವಾಗಿ ಫೀ ಕಟ್ಟಿಸಿಕೊಳ್ಳುವ ಸೆಂಟರ್ ಬಗ್ಗೆ ಎಚ್ಚರ ಇರಲಿ.

ತಜ್ಞರ ಕೋಣೆಯ ಆಟ

ಎಚ್ಚರ ಇರಲಿ ಅನ್ನಲು ಕಾರಣ ಇದೆ. ನಾವು ಮೊದಲು ಹೋದ ಜಾಗದಲ್ಲಿ 20 ಸಿಟ್ಟಿಂಗ್‌ಗೆ ಒಟ್ಟಿಗೆ ಹಣ ಕಟ್ಟಿಸಿಕೊಂಡರು. ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂಡಿಸಿ ಬಾಗಿಲು ಹಾಕಿಕೊಂಡರು. ನಾಲ್ಕು ವಾರ ಆದರೂ ಮಗು ಯಾಕೆ ಹೀಗಾಗಿದೆ ಅಂತ ಯಾರೂ ನನ್ನನ್ನು ಕೂಡಿಸಿ ಕೇಳಲಿಲ್ಲ. ಅಜ್ಜ ತೀರಿಕೊಂಡ ವಿಷಯವೂ ಅವರಿಗೆ ಗೊತ್ತಿರಲಿಲ್ಲ. ಒಂದು ದಿನ ಬಸ್ಸಿನಲ್ಲಿ ಮಗಳನ್ನು ಕೇಳಿದೆ, ‘ಇವತ್ತು ಏನ್ ಆಡಿದಿ?’ ಅವಳು ಕಿಟಕಿ ಹೊರಗೆ ನೋಡುತ್ತಲೇ ಹೇಳಿದಳು: ‘ಬಣ್ಣಾ ತುಂಬಿದೆ. ಗೆರಿ ದಾಟಬಾರ್ದು ಅಂದ್ರು.’

ಆ ಮಾತು ಕೇಳಿ ನನಗೆ ಕೂತಲ್ಲೇ ಕಣ್ಣು ತುಂಬಿತು. ಅವತ್ತೇ ಬಿಡಿಸಿದೆ.

ಬಾಗಿಲು ಹಾಕಿಕೊಳ್ಳುವುದು ತಪ್ಪಲ್ಲ, ಇದನ್ನು ಸರಿಯಾಗಿ ಹೇಳಬೇಕು. ನಿಜವಾದ ಆಟದ ಚಿಕಿತ್ಸೆಯಲ್ಲಿ ಎಷ್ಟೋ ಸಲ ಮಗು ಮತ್ತು ತಜ್ಞರು ಇಬ್ಬರೇ ಇರುತ್ತಾರೆ. ಮಗು ಮುಂದೆ, ದೊಡ್ಡವರು ಹಿಂದೆ ಎಂಬ ಪದ್ಧತಿಗೆ 1940ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ ರೂಪ ಕೊಟ್ಟರು. ಏನು ಆಡಬೇಕು, ಹೇಗೆ ಆಡಬೇಕು ಅಂತ ಮಗುವೇ ನಿರ್ಧರಿಸುತ್ತದೆ. ತಜ್ಞರು ಕಲಿಸುವುದಿಲ್ಲ, ತಿದ್ದುವುದಿಲ್ಲ, ಅವಸರ ಮಾಡುವುದಿಲ್ಲ. ಕಂಡದ್ದನ್ನು, ಮಗುವಿನ ಮುಖದಲ್ಲಿ ಬಂದ ಭಾವವನ್ನು ಮಾತಿನಲ್ಲಿ ಹೇಳುತ್ತಾರೆ ಅಷ್ಟೇ. ದೊಡ್ಡವರಿಗೆ ಮಾತು ಹೇಗೋ ಮಕ್ಕಳಿಗೆ ಆಟ ಹಾಗೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಸಾಮಾನ್ಯವಾಗಿ 3ರಿಂದ 12 ವರ್ಷದವರಿಗೆ, ವಾರಕ್ಕೊಮ್ಮೆ, 45ರಿಂದ 50 ನಿಮಿಷ. ಕೋಣೆಯಲ್ಲಿ ಮೂರು ಬಗೆಯ ಆಟಿಕೆ ಕಾಣಬೇಕು: ಮನೆ, ಗೊಂಬೆ ಸಂಸಾರ, ಡಾಕ್ಟರ್ ಸೆಟ್ ತರಹದ ದಿನದ ಬದುಕಿನವು; ಸಿಟ್ಟು ಹೊರಹಾಕಲು ರಬ್ಬರ್ ಹಾವು, ಸೈನಿಕರು, ಗುದ್ದುವ ದಿಂಬು; ಮಣ್ಣು, ಮರಳು, ಬಣ್ಣದಂಥ ಮಾಡಿ ಕೆಡಿಸುವ ಸಾಮಾನು.

ಗೆರೆ ದಾಟಬಾರದು ಅನ್ನುವ ಕೋಣೆ ಚಿತ್ರಕಲೆಯ ಕ್ಲಾಸ್ ಇರಬಹುದು, ಇದಂತೂ ಅಲ್ಲ.

ಒಳಗಿನ ಪ್ರತಿ ಮಾತನ್ನೂ ತಜ್ಞರು ನಿಮಗೆ ಒಪ್ಪಿಸುವುದಿಲ್ಲ. ಮಗುವಿನ ಗುಟ್ಟಿಗೂ ಒಂದು ಬೆಲೆ ಇದೆ. ಆದರೆ ಕೆಲವು ವಾರಕ್ಕೊಮ್ಮೆ ನಿಮ್ಮನ್ನು ಕೂಡಿಸಿಕೊಂಡು ಆಟದಲ್ಲಿ ಏನು ಪದೇ ಪದೇ ಬರುತ್ತಿದೆ, ಮನೆಯಲ್ಲಿ ಏನು ಬದಲಿಸಬೇಕು ಅಂತ ಮಾತಾಡಲೇಬೇಕು. ಅದಿಲ್ಲದಿದ್ದರೆ ಮಗು ವಾರಕ್ಕೆ ಒಂದು ಗಂಟೆ ಹಗುರಾಗಿ, ಉಳಿದ 167 ಗಂಟೆ ಅದೇ ಮನೆಗೆ ವಾಪಸ್ ಬರುತ್ತದೆ, ಅಲ್ವಾ?

ನೀವೇ ನೆಲಕ್ಕೆ ಕೂತು ಆಡುವ ಅರ್ಧ ಗಂಟೆ

ನಮಗೆ ನಿಜವಾಗಿ ದಾರಿ ತೋರಿಸಿದ್ದು ಇದು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ನಿಲ್ಲುತ್ತೇನೆ.

1960ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಒಂದು ಸರಳ ಪ್ರಶ್ನೆ ಕೇಳಿದರು. ತಜ್ಞರು ಮಾಡುವ ಆಟವನ್ನು ತಂದೆ-ತಾಯಿಗೇ ಯಾಕೆ ಕಲಿಸಬಾರದು? ಅದರಿಂದ ಬಂದದ್ದು ಫಿಲಿಯಲ್ ಥೆರಪಿ. ಮುಂದೆ ಗ್ಯಾರಿ ಲ್ಯಾಂಡ್ರೆತ್ ಅದನ್ನು ಹತ್ತು ವಾರದ ತರಬೇತಿಯಾಗಿ ಅಡಕಗೊಳಿಸಿದರು. ಪಾಲಕರು ತಜ್ಞರ ಹತ್ತಿರ ಕಲಿಯುತ್ತಾರೆ, ಮನೆಯಲ್ಲಿ ವಾರಕ್ಕೊಮ್ಮೆ 30 ನಿಮಿಷ ಆಡುತ್ತಾರೆ, ಹೇಗಾಯಿತು ಅಂತ ಬಂದು ಹೇಳಿ ತಿದ್ದಿಕೊಳ್ಳುತ್ತಾರೆ. 2005ರಲ್ಲಿ ಅಮೆರಿಕದ ಸಂಶೋಧಕರು ಆಟದ ಚಿಕಿತ್ಸೆಯ 93 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ, ತರಬೇತಿ ಪಡೆದ ಪಾಲಕರು ನಡೆಸಿದ ಆಟದ ಪರಿಣಾಮ ತಜ್ಞರು ನಡೆಸಿದ್ದಕ್ಕಿಂತ ದೊಡ್ಡದಾಗಿ ಕಂಡಿತು. 2015ರಲ್ಲಿ ಮಗು ಮುಂದಾಳಾಗಿರುವ ಪದ್ಧತಿಯ 52 ಅಧ್ಯಯನಗಳನ್ನು ಹೀಗೇ ನೋಡಿದಾಗ ಪರಿಣಾಮ ಮಧ್ಯಮ ಮಟ್ಟದ್ದು ಅಂತ ಬಂತು. ಹಾಗಾಗಿ ಪವಾಡ ಅಂತ ತಿಳಿಯಬೇಡಿ. ಆದರೆ ಇದು ಸುಮ್ನೆ ಕಾಲಹರಣವೂ ಅಲ್ಲ.

ನಿಯಮ ಕೇಳಲು ಸುಲಭ, ಮಾಡಲು ಕಷ್ಟ. ಅದೇ ದಿನ, ಅದೇ ಹೊತ್ತು, ಅದೇ ಚಾಪೆ. ಆ ಆಟಿಕೆಗಳು ಆ ಅರ್ಧ ಗಂಟೆಗೆ ಮಾತ್ರ ಹೊರಬರಬೇಕು. ನಾನು ದುರ್ಗದ ಬೈಲಿನಲ್ಲಿ ಸಣ್ಣ ಪಾತ್ರೆ ಸೆಟ್, ಒಂದು ಡಾಕ್ಟರ್ ಸೆಟ್, ರಬ್ಬರ್ ಹಾವು ತಂದೆ. ಹಳೇ ಕಾಲುಚೀಲದಲ್ಲಿ ಎರಡು ಕೈಗೊಂಬೆ ಮಾಡಿದೆ. ಊರಿಂದ ಬರುವಾಗ ಗಂಡ ಒಂದು ಚೀಲ ಎರಿ ಮಣ್ಣು ತಂದರು. ಎಲ್ಲ ಒಂದು ಟ್ರಂಕಿನೊಳಗೆ. ಮೊಬೈಲ್ ಬೇರೆ ಕೋಣೆಯಲ್ಲಿ.

ಆಮೇಲೆ ನಾಲಿಗೆ ಹಿಡಿಯಬೇಕು. ಅದೇ ಕಷ್ಟ. ನಮಗೆ ಮಕ್ಕಳ ಜೊತೆ ಕೂತರೆ ಪರೀಕ್ಷೆ ತೆಗೆದುಕೊಳ್ಳುವ ಅಭ್ಯಾಸ. ಇದು ಯಾವ ಬಣ್ಣ? ಎಷ್ಟು ಕಾಲು? ಇದೇನು ಮಾಡಿದಿ? ಶಭಾಷ್! ಇವೆಲ್ಲ ಆ ಅರ್ಧ ಗಂಟೆ ಬಂದ್. ಪ್ರಶ್ನೆ ಇಲ್ಲ, ಪಾಠ ಇಲ್ಲ, ಹೊಗಳಿಕೆಯೂ ಇಲ್ಲ. ‘ಹಾವನ್ನು ಪಾತ್ರೆಯೊಳಗೆ ಹಾಕಿದೆ’, ‘ಅದು ನಿಲ್ಲುತ್ತಿಲ್ಲ, ನಿನಗೆ ಸಿಟ್ಟು ಬಂತು’, ಹೀಗೆ ಕಂಡದ್ದು ಮಾತ್ರ. ಮೊದಲ ಭಾನುವಾರ ನಾನು ಹತ್ತು ನಿಮಿಷದಲ್ಲಿ ಎಂಟು ಪ್ರಶ್ನೆ ಕೇಳಿಬಿಟ್ಟಿದ್ದೆ. ಮೂಲೆಯಲ್ಲಿ ಕೂತು ಎಣಿಸಿದವರು ನನ್ನ ಗಂಡ.

ನಾಲ್ಕನೇ ಭಾನುವಾರ ನಡೆದದ್ದನ್ನು ಹೇಳಬೇಕು. ಅವಳ ಅಜ್ಜ ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಅವಳ ಕೈಯಲ್ಲೇ ಎತ್ತು ಮಾಡಿಸುತ್ತಿದ್ದರು. ಆ ವರ್ಷ ನಾನು ಹುಬ್ಬಳ್ಳಿಯ ಸಂತೆಯಲ್ಲಿ ಒಂದು ಜೋಡಿ ಕೊಂಡು ತಂದು ಪೂಜೆ ಮುಗಿಸಿದ್ದೆ. ಅವಳು ಅವನ್ನು ಮುಟ್ಟಿಯೂ ಇರಲಿಲ್ಲ. ಈಗ ಟ್ರಂಕಿನಿಂದ ಮಣ್ಣು ತೆಗೆದು, ನೀರು ಹಾಕಿ ಕಲಸಿ, ಒಂದು ಎತ್ತು ಮಾಡಿದಳು. ಮೂರೇ ಕಾಲು. ‘ಇನ್ನೊಂದು ಎಲ್ಲಿ?’ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು, ನುಂಗಿದೆ. ಉಳಿದ ಮಣ್ಣಿನಲ್ಲಿ ಬೆರಳಿಂದ ಒಂದು ಕುಣಿ ತೋಡಿದಳು. ಎತ್ತನ್ನು ಅದರಲ್ಲಿ ಮಲಗಿಸಿ ಮೇಲೆ ಮಣ್ಣು ಮುಚ್ಚಿ ತಟ್ಟಿದಳು. ನನ್ನ ಮುಖ ನೋಡಿದಳು.

‘ಮಣ್ಣು ಮುಚ್ಚಿದೆ. ಗಟ್ಟಿಯಾಗಿ ತಟ್ಟಿದೆ’ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ಅವ್ವಾ, ಒಳಗ ಅದಕ್ಕ ಉಸಿರಾಡಾಕ ಬರ್ತೈತೇನು?’

ನಮ್ಮಲ್ಲಿ ಹೂಳುವ ಪದ್ಧತಿ. ಅವತ್ತು ಮಕ್ಕಳೂ ಅಲ್ಲೇ ಇದ್ದರು. ‘ಅಜ್ಜ ಮಲಗ್ಯಾನ’ ಅಂತ ಎಲ್ಲರೂ ಅವಳಿಗೆ ಹೇಳಿದ್ದೆವು. ಮಲಗಿದವರನ್ನು ಕುಣಿಗೆ ಇಳಿಸಿ ಮಣ್ಣು ಹಾಕಿದ್ದನ್ನು ನೋಡಿದ ಮಗು ಅವತ್ತಿನಿಂದ ಇದನ್ನು ಒಳಗೇ ಇಟ್ಟುಕೊಂಡಿತ್ತು. ಮಗು ಪ್ರಶ್ನೆ ಕೇಳಿದರೆ ನೇರವಾಗಿ ಉತ್ತರಿಸಬೇಕು ಅಂತ, ಈ ಆಟ ನಮಗೆ ಹೇಳಿಕೊಟ್ಟಿದ್ದ ಮನಶ್ಶಾಸ್ತ್ರಜ್ಞೆ ಮೊದಲೇ ಎಚ್ಚರಿಸಿದ್ದರು. ಹೇಳಿದೆ: ಅಜ್ಜ ಮಲಗಿರಲಿಲ್ಲ, ಸತ್ತಿದ್ದರು. ಸತ್ತ ಮೇಲೆ ಉಸಿರು ಬೇಕಾಗುವುದಿಲ್ಲ. ನೋವಾಗುವುದಿಲ್ಲ, ಹಸಿವಾಗುವುದಿಲ್ಲ. ನೀನು ಮಲಗುವುದು ಬೇರೆ, ಬೆಳಿಗ್ಗೆ ಏಳುತ್ತಿ. ಅವಳು ‘ಹೂಂ’ ಅಂದಳು. ಮತ್ತೆ ಮಣ್ಣು ಕಲಸಿದಳು.

ಹಾಸಿಗೆ ಒಣಗಿರಲು ಅದಾದ ಮೇಲೂ ನಾಲ್ಕು ತಿಂಗಳು ಹಿಡಿಯಿತು. ಆದರೆ ಆ ಭಾನುವಾರದಿಂದ ನನಗೆ ಭಯ ಕಡಿಮೆಯಾಯಿತು, ಏನು ನಡೆಯುತ್ತಿದೆ ಅಂತ ಗೊತ್ತಾಯಿತಲ್ಲ.

ಮಗು ಹದ್ದು ಮೀರಿದರೆ? ಒಮ್ಮೆ ಮಣ್ಣಿನ ಉಂಡೆಯನ್ನು ನನ್ನ ಮೇಲೆ ಎಸೆಯಲು ಕೈ ಎತ್ತಿದಳು. ಅದಕ್ಕೆ ಮೂರು ಹೆಜ್ಜೆಯ ಮಾತು ಕಲಿಸಿದ್ದರು. ಭಾವ ಒಪ್ಪಿಕೊಳ್ಳಿ, ಮಿತಿ ಹೇಳಿ, ಬೇರೆ ದಾರಿ ತೋರಿಸಿ. ‘ನಿನಗೆ ಬಹಳ ಸಿಟ್ಟು ಬಂದಿದೆ. ನನ್ನ ಮೇಲೆ ಎಸೆಯುವಂತಿಲ್ಲ. ಎಸೆಯಬೇಕಂದರೆ ಆ ತಗಡಿನ ಡಬ್ಬಿಗೆ ಎಸಿ.’ ಡಬ್ಬಿ ಧಡ್ ಅಂತ ಸದ್ದು ಮಾಡಿತು, ಇಬ್ಬರೂ ನಕ್ಕೆವು.

ಈ ದಾರಿ ಯಾರಿಗೆ ಸೂಕ್ತ? ಸಾವು, ಮನೆ ಬದಲಾವಣೆ, ಹೊಸ ಪಾಪು, ಅಪ್ಪ-ಅಮ್ಮನ ಜಗಳ, ಆಸ್ಪತ್ರೆ ವಾಸ, ಇಂಥವುಗಳಿಂದ ಅಂಜಿಕೆ, ಹಠ, ಅಂಟಿಕೊಳ್ಳುವುದು ಶುರುವಾದ ಮಕ್ಕಳಿಗೆ. ದೂರದ ಹಳ್ಳಿಯಲ್ಲಿದ್ದು ಪ್ರತಿ ವಾರ ಪೇಟೆಗೆ ಬರಲು ಆಗದವರಿಗೆ. ಯಾರಿಗೆ ಅಲ್ಲ? ನೀವೇ ಈಗ ಖಿನ್ನತೆಯಲ್ಲಿ ಮುಳುಗಿದ್ದರೆ, ಮಗುವನ್ನು ನೋಡಿದರೇ ಸಿಟ್ಟು ಉಕ್ಕುತ್ತಿದ್ದರೆ, ಆ ಅರ್ಧ ಗಂಟೆ ಶಿಕ್ಷೆ ಆಗುತ್ತದೆ. ಮೊದಲು ನಿಮಗೆ ಆಸರೆ ಹುಡುಕಿ, ಅಲ್ಲಿಯವರೆಗೆ ಮಗು ತಜ್ಞರ ಹತ್ತಿರ ಆಡಲಿ.

ಮಣ್ಣು, ಬಣ್ಣ, ನಾಟಕ, ಹಾಡು

ಮಾಧ್ಯಮ ಆರಿಸುವಾಗ ಮಗುವಿನ ಕೈ ಎತ್ತ ಹೋಗುತ್ತದೆ ನೋಡಿ, ಅಷ್ಟೇ ಸಾಕು. ಮಾತು ಕಡಿಮೆ ಇರುವ, ಒಳಗೊಳಗೇ ಕೊರಗುವ ಮಗುವಿಗೆ ಮಣ್ಣು, ಮರಳು ಹಗುರ. 1920ರ ದಶಕದಲ್ಲೇ ಲಂಡನ್ನಿನ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ಮರಳಿನ ತಟ್ಟೆ, ಸಣ್ಣ ಗೊಂಬೆಗಳನ್ನು ಕೊಟ್ಟು ಮಕ್ಕಳಿಂದ ಅವರದೇ ಲೋಕ ಕಟ್ಟಿಸುತ್ತಿದ್ದರು. ನಮ್ಮ ಕಡೆ ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವನನ್ನು ಮಾಡಿದ ಮಕ್ಕಳಿಗೆ ಮಣ್ಣು ಹೊಸದೇನಲ್ಲ. ಗಾಜಿನಂಥ ಫ್ಲ್ಯಾಟಿನಲ್ಲಿ ಬೆಳೆಯುವ ಮಕ್ಕಳು ಮೊದಲು ಕೈ ಹಿಂದೆ ತೆಗೆಯಬಹುದು, ಒತ್ತಾಯ ಬೇಡ.

ಚಿತ್ರದ ವಿಷಯದಲ್ಲಿ ಒಂದು ಎಚ್ಚರ. ಕಪ್ಪು ಬಣ್ಣ ಬಳಿದರೆ ದುಃಖ, ಕೈ ಇಲ್ಲದ ಮನುಷ್ಯನನ್ನು ಬರೆದರೆ ಭಯ ಅಂತ ಕೋಷ್ಟಕ ನೋಡಿ ಹೇಳುವವರನ್ನು ನಂಬಬೇಡಿ. ಡಬ್ಬಿಯಲ್ಲಿ ಕಪ್ಪು ಬಣ್ಣ ಒಂದೇ ಉಳಿದಿರಬಹುದು. ಬರೆದ ಮಗುವೇ ಹೇಳಬೇಕು.

ನಾಟಕ, ಕೈಗೊಂಬೆ, ಕಥೆ ಸುಮಾರು ಏಳೆಂಟು ವರ್ಷ ದಾಟಿದ, ಬೇರೆ ಮಕ್ಕಳ ಜೊತೆ ಬೆರೆಯಲು ಅಂಜುವವರಿಗೆ ಚೆನ್ನಾಗಿ ಒಗ್ಗುತ್ತದೆ. ಧಾರವಾಡದಲ್ಲಿ ಮಕ್ಕಳ ರಂಗಭೂಮಿಗೆ ಒಳ್ಳೆಯ ನೆಲೆ ಇದೆ, ಬೇಸಿಗೆ ಬಂದರೆ ಶಿಬಿರಗಳೂ ಇರುತ್ತವೆ. ನಾನೂ ಎರಡು ವರ್ಷದ ನಂತರ ಮಗಳನ್ನು ಕಳಿಸಿದೆ, ಅವಳಿಗೆ ಬಹಳ ಹಿಡಿಸಿತು. ಆದರೆ ಶಿಬಿರ ಮತ್ತು ಚಿಕಿತ್ಸೆಯ ವ್ಯತ್ಯಾಸ ತಿಳಿದಿರಲಿ. ಶಿಬಿರದ ಕೊನೆಗೆ ಪ್ರದರ್ಶನ ಇರುತ್ತದೆ, ನಾವೆಲ್ಲ ಹೋಗಿ ಚಪ್ಪಾಳೆ ಹೊಡೆಯುತ್ತೇವೆ. ಚಿಕಿತ್ಸೆಯ ನಾಟಕಕ್ಕೆ ಪ್ರೇಕ್ಷಕರಿಲ್ಲ. ಅಲ್ಲಿ ಮಗು ರಾಕ್ಷಸನ ಪಾತ್ರದಲ್ಲಿ ಕೂಗಿದ್ದು ಆ ಕೋಣೆ ದಾಟಿ ಹೊರಗೆ ಬರುವುದಿಲ್ಲ. ನೊಂದ ಮಗುವನ್ನು ಅವಸರದಲ್ಲಿ ವೇದಿಕೆಗೆ ಹತ್ತಿಸಿದರೆ ಗಾಯ ಇನ್ನಷ್ಟು ಆಗಬಹುದು. ಸ್ವಲ್ಪ ಚೇತರಿಸಿಕೊಂಡ ಮೇಲೆ ಶಿಬಿರ ಅಮೃತ.

ಹಾಡಿನದೂ ಹಾಗೇ. ಸಂಗೀತ ಒಂದು ಮಗುವಿನ ಬದುಕನ್ನು ಎಷ್ಟು ಎತ್ತಬಲ್ಲದು ಅಂತ ಗದಗಿನವರಿಗೆ ಯಾರೂ ಹೇಳಬೇಕಿಲ್ಲ. ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಮೂರನ್ನೂ ಕೊಟ್ಟ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಅದನ್ನು ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಅದು ವಿದ್ಯೆ, ಸಾಧನೆ. ಸಂಗೀತ ಚಿಕಿತ್ಸೆಯಲ್ಲಿ ಶ್ರುತಿ ತಪ್ಪಿದರೂ ನಡೆಯುತ್ತದೆ. ಅಲ್ಲಿ ಮಗು ಡೋಲು ಬಡಿದರೆ ಎದುರಿನವರೂ ಅದೇ ಲಯದಲ್ಲಿ ಬಡಿದು ‘ನಿನ್ನನ್ನು ಕೇಳಿಸಿಕೊಂಡೆ’ ಅಂತ ತಿಳಿಸುತ್ತಾರೆ.

ಜೋಕಾಲಿ, ಚೆಂಡು ಇರುವ ಹಾಲ್

ಅದು ಆಕ್ಯುಪೇಶನಲ್ ಥೆರಪಿ. ಅಲ್ಲಿಯೂ ಮಗು ಆಡುತ್ತದೆ, ಅದಕ್ಕೇ ಎಲ್ಲರಿಗೂ ಗೊಂದಲ. ಕೈಕಾಲಿನ ಹಿಡಿತ, ಸಮತೋಲ, ಸದ್ದು ಸ್ಪರ್ಶಗಳಿಗೆ ಹೊಂದಿಕೊಳ್ಳುವುದು, ತಾನೇ ಊಟ ಮಾಡುವುದು, ಗುಂಡಿ ಹಾಕುವುದು, ಇವು ಅಲ್ಲಿಯ ಗುರಿ. ಮಾತು ತಡವಾದರೆ ಸ್ಪೀಚ್ ಥೆರಪಿ. ನನ್ನ ಮಗಳಿಗೆ ಆ ಹಾಲ್ ಬೇಕಿರಲಿಲ್ಲ. ಆದರೆ ಹೆಸರು ಕರೆದರೆ ನೋಡದ, ಬೆರಳು ಮಾಡಿ ತೋರಿಸದ, ಒಂದೇ ಆಟವನ್ನು ಒಂದೇ ರೀತಿ ಆಡುವ ಮಗುವಿಗೆ ಮೊದಲು ಬೆಳವಣಿಗೆಯ ಪರೀಕ್ಷೆ ಆಗಬೇಕು. ಅಲ್ಲಿ ‘ಮಗು ಏನು ಬೇಕಾದರೂ ಆಡಲಿ’ ಎಂಬ ಪದ್ಧತಿ ಒಂದನ್ನೇ ನಂಬಿ ವರ್ಷ ಕಳೆಯಬೇಡಿ.

ಆಟಿಸಂ, ಅಂದರೆ ಇತರರ ಜೊತೆ ಬೆರೆಯಲು, ಸಂವಹನಕ್ಕೆ ತೊಡಕಾಗುವ ಬೆಳವಣಿಗೆಯ ಸ್ಥಿತಿ ಇರುವ ಮಕ್ಕಳ ವಿಷಯದಲ್ಲೂ ಪಾಲಕರ ಪಾತ್ರ ದೊಡ್ಡದು. ನಮ್ಮ ಪಕ್ಕದ ಗೋವಾದಲ್ಲಿ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳ ಮೇಲೆ ಒಂದು ಅಧ್ಯಯನ ನಡೆದು 2016ರಲ್ಲಿ ಪ್ರಕಟವಾಯಿತು. ತಜ್ಞರಲ್ಲದ, ತರಬೇತಿ ಪಡೆದ ಕಾರ್ಯಕರ್ತರು ತಾಯಿ-ಮಗು ಆಡುವುದನ್ನು ವಿಡಿಯೋ ಮಾಡಿ, ಅದನ್ನು ತಾಯಿಗೇ ತೋರಿಸಿ ಮಾತಾಡುತ್ತಿದ್ದರು. ಎರಡು ವಾರಕ್ಕೊಮ್ಮೆ, ಆರು ತಿಂಗಳು. ತಂದೆ-ತಾಯಿ ಮಗುವಿನ ಲಯಕ್ಕೆ ಹೊಂದಿ ಆಡುವುದು ಹೆಚ್ಚಿತು, ಮಗು ತಾನಾಗಿ ಸಂಪರ್ಕಕ್ಕೆ ಬರುವುದೂ ಹೆಚ್ಚಿತು. ದೊಡ್ಡ ನಗರ, ದೊಡ್ಡ ತಜ್ಞರು ಇಲ್ಲದೆಯೂ ಇಷ್ಟು ಆಗುತ್ತದೆ ಅನ್ನುವುದು ರೋಣ, ಹಾನಗಲ್ ಕಡೆಯ ತಾಯಂದಿರಿಗೆ ತಿಳಿಯಲಿ ಅಂತ ನನ್ನ ಆಸೆ.

ಅತಿ ಚಟುವಟಿಕೆ ಅಂದರೆ ಎಡಿಎಚ್‌ಡಿ ಇದ್ದರೆ, ಅದರಲ್ಲೂ ಆರು ವರ್ಷದೊಳಗಿನವರಿಗೆ, ಮಗುವನ್ನು ನಿಭಾಯಿಸುವ ರೀತಿಯನ್ನು ಪಾಲಕರಿಗೆ ಕಲಿಸುವ ತರಬೇತಿಯೇ ಮೊದಲ ಹೆಜ್ಜೆ.

ಮನೆಯ ಆಟಕ್ಕೆ ಬಿಡಬಾರದ ವಿಷಯ

ಮಗುವಿನ ಮೇಲೆ ದೌರ್ಜನ್ಯ ಆಗಿರಬಹುದು ಅಂತ ಅನಿಸಿದರೆ ಗೊಂಬೆ ಹಿಡಿದು ‘ಎಲ್ಲಿ ಮುಟ್ಟಿದ? ಯಾರು?’ ಅಂತ ಪದೇ ಪದೇ ಕೇಳಬೇಡಿ. ಮಗು ಗಾಬರಿಯಾಗುತ್ತದೆ, ಅದರ ಮಾತೂ ಕಲಸಿಹೋಗುತ್ತದೆ. ಹೇಳಿದಷ್ಟನ್ನು ಕೇಳಿ, ‘ಹೇಳಿದ್ದು ಒಳ್ಳೆಯದಾಯಿತು, ತಪ್ಪು ನಿನ್ನದಲ್ಲ’ ಅನ್ನಿ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಾಯುವ ಮಾತಾಡುವ, ಮೈಗೆ ಗಾಯ ಮಾಡಿಕೊಳ್ಳುವ, ಊಟ ಬಿಟ್ಟ ಮಗುವನ್ನೂ ಅವತ್ತೇ ಡಾಕ್ಟರ್ ಹತ್ತಿರ ಕರೆದೊಯ್ಯಿರಿ.

ಎಲ್ಲಿಗೆ ಹೋಗೋಣ

ಧಾರವಾಡದ ಡಿಮ್ಹಾನ್ಸ್ 1845ರಲ್ಲಿ ಶುರುವಾದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ‘ಹುಚ್ಚಾಸ್ಪತ್ರೆ’ ಅನ್ನುವ ಹಳೆಯ ಹೆಸರಿನ ಅಂಜಿಕೆ ಇನ್ನೂ ಜನರ ಮನಸ್ಸಲ್ಲಿದೆ. ‘ಕೂಸಿನ್ನ ಅಲ್ಲಿಗೆ ಯಾಕ ಒಯ್ತಿ?’ ಅಂತ ನಮ್ಮತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಆದರೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಒಂದೇ ಆವರಣದಲ್ಲಿ ಸಿಗುವುದು ದೊಡ್ಡ ಅನುಕೂಲ. ಹುಬ್ಬಳ್ಳಿಯವರಿಗೆ ಕಿಮ್ಸ್, ಅಂದರೆ ಈಗಿನ ಕೆಎಂಸಿಆರ್‌ಐ ಇದೆ. ಮಕ್ಕಳ ವಿಭಾಗ, ಮನೋವೈದ್ಯ ವಿಭಾಗ ಎರಡೂ ಅಲ್ಲೇ. ಗದಗ ಮತ್ತು ಹಾವೇರಿಯಲ್ಲೂ ಈಗ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ, ಮೊದಲ ತಪಾಸಣೆ ಅಲ್ಲೇ ಮಾಡಿಸಬಹುದು.

ಬಹಳ ಜನರಿಗೆ ಗೊತ್ತಿಲ್ಲದ ಒಂದು ದಾರಿ ಇದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೂ ಸರಕಾರಿ ಶಾಲೆಗೂ ಬಂದು 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತದೆ. ಬೆಳವಣಿಗೆಯಲ್ಲಿ ತೊಂದರೆ ಕಂಡರೆ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. ಅಲ್ಲಿಯ ಸೇವೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾರೆ. ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದಿನದ 24 ಗಂಟೆ, ದುಡ್ಡಿಲ್ಲ.

ಸರಕಾರಿ ಜಾಗದಲ್ಲಿ ಖರ್ಚು ಕಡಿಮೆ, ಪೂರ್ತಿ ತಪಾಸಣೆ ಆಗುತ್ತದೆ, ಆದರೆ ಕಾಯುವ ಸಾಲು ಉದ್ದ. ವಾರವಾರ 45 ನಿಮಿಷ ಒಂದೇ ಮಗುವಿಗೆ ಕೊಡುವುದು ಅವರಿಗೂ ಕಷ್ಟ. ಖಾಸಗಿಯಲ್ಲಿ ಸಮಯ ಸಿಗುತ್ತದೆ, ಗುಣಮಟ್ಟ ಒಂದೊಂದು ಕಡೆ ಒಂದೊಂದು ತರಹ. ನಾವು ಮಾಡಿದ್ದು ಮಿಶ್ರ: ತಪಾಸಣೆ ಸರಕಾರಿ ಆಸ್ಪತ್ರೆಯಲ್ಲಿ, ಎರಡು ವಾರಕ್ಕೊಮ್ಮೆ ಖಾಸಗಿ ಮನಶ್ಶಾಸ್ತ್ರಜ್ಞೆ, ಪ್ರತಿ ಭಾನುವಾರ ಮನೆಯ ಚಾಪೆ. ಹಾವೇರಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿಲೋಮೀಟರ್. ಪ್ರತಿ ವಾರ ಒಂದು ದಿನದ ಕೂಲಿ ಬಿಟ್ಟು ಬರುವ ತಂದೆಗೆ ಮೂರನೇ ತಿಂಗಳು ಸಾಕಾಗುತ್ತದೆ, ಅದು ಸಹಜ. ಅಂಥವರು ತಿಂಗಳಿಗೊಮ್ಮೆ ಬಂದು ಕಲಿತು ಹೋಗಿ, ಮಧ್ಯೆ ತಜ್ಞರ ಜೊತೆ ವಿಡಿಯೋ ಕಾಲ್ ಮಾಡಿ, ಮನೆಯಲ್ಲಿ ಆಡುವುದು ಮೇಲು. ಚಿಕ್ಕ ಮಗುವನ್ನೇ ಫೋನಿನ ಮುಂದೆ ಕೂಡಿಸಿ ನಡೆಸುವ ಆನ್‌ಲೈನ್ ಆಟ ನನಗೆ ಅಷ್ಟಾಗಿ ಒಪ್ಪಿಗೆ ಆಗಲಿಲ್ಲ. ಪಾಲಕರ ತರಬೇತಿಗೆ ಆನ್‌ಲೈನ್ ಚೆನ್ನಾಗಿದೆ.

ದುಡ್ಡು ಕಟ್ಟುವ ಮೊದಲು ಕೇಳಿ: ನಿಮ್ಮ ಓದು ಏನು, ಯಾರ ಮಾರ್ಗದರ್ಶನದಲ್ಲಿ ಎಷ್ಟು ಮಕ್ಕಳ ಜೊತೆ ಕೆಲಸ ಮಾಡಿ ಕಲಿತಿರಿ? ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ನೋಂದಣಿ ಸಂಖ್ಯೆ ಇರಬೇಕು. ಆ ಪರಿಷತ್ತಿನ ಪಟ್ಟಿಯಲ್ಲಿ ‘ಪ್ಲೇ ಥೆರಪಿಸ್ಟ್’ ಅನ್ನುವ ಬೇರೆ ವರ್ಗ ಇಲ್ಲ. ಹಾಗಾಗಿ ವಾರಾಂತ್ಯದ ಕೋರ್ಸ್ ಮಾಡಿದವರೂ ಆ ಬೋರ್ಡ್ ಹಾಕಬಹುದು, ವರ್ಷಗಟ್ಟಲೆ ಕಲಿತವರೂ ಹಾಕಬಹುದು. ಕೇಳಲು ಸಂಕೋಚ ಬೇಡ. ಒಳ್ಳೆಯವರು ಖುಷಿಯಿಂದಲೇ ಹೇಳುತ್ತಾರೆ. ಇನ್ನೊಂದು, ಮಗುವಿನ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತೀರಿ ಅಂತಲೂ ಕೇಳಿ. ‘ಅಂಜಿಕಿ ಬಂತು’ ಅನ್ನುವ ಮಗುವಿಗೆ ಅದೇ ಮಾತಿನಲ್ಲಿ ಉತ್ತರ ಸಿಗಬೇಕು.

ಮುಗಿಸುವ ರೀತಿ

ಇದನ್ನು ಯಾರೂ ಮೊದಲೇ ಕೇಳುವುದಿಲ್ಲ, ನೀವು ಕೇಳಿ: ಚಿಕಿತ್ಸೆ ಹೇಗೆ ಮುಗಿಸುತ್ತೀರಿ? ಒಬ್ಬರನ್ನು ಕಳೆದುಕೊಂಡ ಮಗುವಿಗೆ ಇನ್ನೊಬ್ಬರು ಹೇಳದೇ ಮಾಯವಾದರೆ ಹಳೆಯ ಗಾಯ ಕೆದರುತ್ತದೆ. ನಮ್ಮ ಮನಶ್ಶಾಸ್ತ್ರಜ್ಞೆ ಮೂರು ಭೇಟಿ ಉಳಿದಿರುವಾಗಲೇ ಮಗಳಿಗೆ ಹೇಳಿದರು. ಒಂದು ಹಾಳೆಯ ಮೇಲೆ ಮೂರು ಸೊನ್ನೆ ಬರೆದು ಕೊಟ್ಟರು. ಪ್ರತಿ ಸಲ ಹೊರಡುವಾಗ ಅವಳೇ ಒಂದೊಂದನ್ನು ಬಣ್ಣದಿಂದ ತುಂಬಿದಳು, ಗೆರೆ ದಾಟಿಸಿಯೇ. ಕೊನೆಯ ದಿನ ಅಲ್ಲಿ ಮಣ್ಣು ಮುಟ್ಟಲಿಲ್ಲ. ಡಾಕ್ಟರ್ ಸೆಟ್ ತೆಗೆದು ನಮ್ಮಿಬ್ಬರಿಗೂ ಸೂಜಿ ಚುಚ್ಚಿ, ‘ಇನ್ನ ಜ್ವರಾ ಬರಂಗಿಲ್ಲ, ಹೋಗ್ರಿ’ ಅಂದಳು. ಚಿಗರಿ ಬಸ್ಸಿನಲ್ಲಿ ಉಣಕಲ್ ಕೆರೆ ದಾಟುವಾಗ, ಮನೆಗೆ ಹೋಗಿ ಚೌಕಾಬಾರ ಆಡೋಣ ಅಂದಳು, ಹುಣಸೆ ಬೀಜ ಎಲ್ಲಿಟ್ಟಿದ್ದೀ ಅಂತ ಕೇಳಿದಳು.